ಶನಿವಾರ ಎಣ್ಣೆ ಕೊಳ್ಳದವರ ಮನೆಯ ಕಾರು

ಚೆನ್ನೈನ ಅಣ್ಣಾ ನಗರದ ಪಶ್ಚಿಮದ ಆ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಬಿಳಿ ಮಾರುತಿ ಕಾರೊಂದರ ಕೆಳಗಿನಿಂದ ಕಾಲುಂಗುರ ಹಾಕಿದ ಎರಡು ಪಾದ ಆಚೆಗೆ ಚಾಚಿಕೊಂಡಿದ್ದರೆ ಯಾರೂ ಗಾಬರಿಪಡುತ್ತಿರಲಿಲ್ಲ. ಹೂವಿನವಳು ಬುಟ್ಟಿ ಇಳಿಸಿ, "ಎತ್ತನೆ ಮೊಳಂ ಅಮ್ಮಾ?" ಎಂದು ಆ ಪಾದಗಳನ್ನೇ ಕೇಳುವಳು. ಒಳಗಿನಿಂದ ಮಸಿ ಮೆತ್ತಿದ ಕೈಯೊಂದು ಬಂದು ಎರಡು ಬೆರಳು ತೋರಿಸುವುದು. ಎರಡು ಮೊಳ ಮಲ್ಲಿಗೆ ಅಳೆದು, ಕೈಗೆ ಕೊಡದೆ ಗೇಟಿನ ಕಂಬಿಗೆ ಸಿಕ್ಕಿಸಿ ಅವಳು ಮುಂದೆ ಹೋಗುವಳು. ಆ ಕೈಗೆ ಕೊಟ್ಟರೆ ಹೂವಿನ ಗತಿ ಏನಾಗುತ್ತದೆ ಎಂದು ಒಂದು ಸಲ ಕೊಟ್ಟು ಅವಳಿಗೆ ಗೊತ್ತಾಗಿತ್ತು.

ಆ ಕೈ, ಆ ಪಾದ ಎರಡೂ ಲೀಲಮ್ಮನವು. ಕೊಳ್ಳೇಗಾಲದಲ್ಲಿ ಹುಟ್ಟಿದವಳು. ರೈಲ್ವೆಯಲ್ಲಿ ಕೆಲಸದಲ್ಲಿದ್ದ ನಂಜನಗೂಡಿನ ತಮ್ಮಯ್ಯನವರನ್ನು ಮದುವೆಯಾಗಿ, ಊರಿಗೆ ಇನ್ನೂ ಮದ್ರಾಸೆಂದೇ ಹೆಸರಿದ್ದ ಕಾಲದಲ್ಲಿ ಪೆರಂಬೂರಿನ ಕ್ವಾರ್ಟರ್ಸಿಗೆ ಬಂದಳು. ತಮಿಳು ಕಲಿತದ್ದು ನೀರಿನ ಪಂಪಿನ ಮುಂದೆ, ಕೊಡಗಳ ಸಾಲಿನಲ್ಲಿ. ಹಾಗೆ ಕಲಿತ ಭಾಷೆ ಗಟ್ಟಿ, ಯಾಕೆಂದರೆ ಅಲ್ಲಿ ಮಾತಿನಲ್ಲಿ ಸೋತರೆ ಆ ದಿನ ಮನೆಯಲ್ಲಿ ಸಾರಿಲ್ಲ. ಆಮೇಲೆ ಪರೀಕ್ಷೆ ಕಟ್ಟಿ ಒಂದು ವಿಮಾ ಕಚೇರಿಯಲ್ಲಿ ಕೆಲಸ ಹಿಡಿದಳು, ಅನು ಎಂಬ ಮಗಳನ್ನು ಹೆತ್ತಳು, ಅಣ್ಣಾ ನಗರದಲ್ಲಿ ಸ್ವಂತ ಮನೆಯೂ ಆಯಿತು. ಇಷ್ಟೆಲ್ಲ ಆಗುವಾಗ ಕಾರಿನ ಮಾತೇ ಇರಲಿಲ್ಲ. ಕಾರು ಬಂದದ್ದು ತೊಂಬತ್ತೇಳರಲ್ಲಿ, ತಮ್ಮಯ್ಯನವರ ಆಸೆಗೆ.

ಆ ಆಸೆ ಒಂದು ತಿಂಗಳು ಬಾಳಿತು. ತಿರುಮಂಗಲದ ಸಿಗ್ನಲ್ಲಿನಲ್ಲಿ ಒಂದು ನೀರಿನ ಲಾರಿ ಅವರ ಹೊಸ ಕಾರಿನ ಬಂಪರನ್ನು ಉಜ್ಜಿಕೊಂಡು ಹೋಯಿತು. ಕಾರಿಗೆ ಹೆಚ್ಚೇನೂ ಆಗಿರಲಿಲ್ಲ, ತಮ್ಮಯ್ಯನವರ ಎದೆಗೆ ಆಗಿತ್ತು. ಮನೆಗೆ ಬಂದು ಕಾರಿನ ಕೀಲಿಯನ್ನು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿಟ್ಟರು.

"ನಂಗೆ ರೈಲೇ ಸರಿ ಕಣೆ. ಹಳಿ ಬಿಟ್ಟು ಯಾರೂ ಅಡ್ಡ ಬರಲ್ಲ."

ಕೀಲಿ ಹದಿನೈದು ದಿನ ಅಲ್ಲೇ ಇತ್ತು. ಹದಿನಾರನೆಯ ದಿನ ಲೀಲಮ್ಮ ಅದನ್ನು ಎತ್ತಿಕೊಂಡು ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಆಗ ಅವಳಿಗೆ ನಲವತ್ತನಾಲ್ಕು. ಸ್ಕೂಲಿನವನು ಸೀರೆಯ ನೆರಿಗೆ ಪೆಡಲ್ಲಿಗೆ ಸಿಕ್ಕುತ್ತದೆ ಎಂದ. ಲೀಲಮ್ಮ ನೆರಿಗೆಯನ್ನು ಒಂದು ಗೇಣು ಎತ್ತಿ ಸಿಕ್ಕಿಸಿಕೊಂಡು, "ಇಪ್ಪೊ?" ಎಂದಳು, ಈಗೇನಂತೀಯ ಎನ್ನುವ ಹಾಗೆ. ಅವನು ಕಾರಿನ ಬಾಗಿಲು ತೆರೆದ.

ಅವಳು ಕಾರು ಕಲಿತದ್ದರಿಂದ ಯಾರಿಗೆ ಹೆಚ್ಚು ಲಾಭವಾಯಿತು ಎಂದರೆ ಅತ್ತೆ ಚಿಕ್ಕತಾಯಮ್ಮನವರಿಗೆ. ಅವರಿಗೆ ಮಂಡಿ ಹಿಡಿದುಕೊಂಡು ಎರಡು ವರ್ಷವಾಗಿತ್ತು. ಮದ್ರಾಸಿನ ಬಸ್ಸಿನ ಮೆಟ್ಟಿಲು ನೋಡಿದ್ದವರಿಗೆ ಗೊತ್ತು, ಅದು ಮೆಟ್ಟಿಲಲ್ಲ, ಜಗಲಿ. ಮನೆಯ ಕಿಟಕಿಯೇ ಅವರಿಗೆ ಊರಾಗಿತ್ತು. ಕಾರು ಬಂದ ಮೇಲೆ ಬಾಗಿಲು ತೆರೆದು, ಸೀಟಿನ ಮೇಲೆ ಕೂತು, ಕಾಲು ಎರಡನ್ನೂ ಒಟ್ಟಿಗೆ ಒಳಗೆಳೆದುಕೊಂಡರೆ ಸಾಕು. ಸಂಜೆ ಸಮುದ್ರ. ಭಾನುವಾರ ಟಿ. ನಗರ. ಅಲ್ಲಿ ಅವರು ಇಳಿಯುತ್ತಿರಲಿಲ್ಲ. ಸಂದಿಯಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂತು ಬಂದುಹೋಗುವ ಹೆಂಗಸರ ಸೀರೆ ನೋಡಿ, ಇದು ಒಗೆದರೆ ಬಣ್ಣ ಹೋಗ್ತದೆ, ಅದು ಹೋಗಲ್ಲ ಎಂದು ತೀರ್ಪು ಕೊಡುವುದೇ ಅವರಿಗೆ ಸುಖ. ಹೊರಗಿನವರಿಗೆ ಅದು ಒಂದು ಕಾರು. ಆ ಮನೆಯಲ್ಲಿ ಅದು ಒಬ್ಬಳ ಕೈ, ಇನ್ನೊಬ್ಬಳ ಮಂಡಿ.

ಈಗ ಶನಿವಾರದ ವಿಷಯ ಹೇಳಬೇಕು, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಚಿಕ್ಕತಾಯಮ್ಮನವರ ಸಂಸಾರದಲ್ಲಿ ಶನಿವಾರ ಎಣ್ಣೆ ಕೊಳ್ಳುವುದಿಲ್ಲ. ಅದು ಶನಿದೇವರಿಗೆ ಎಣ್ಣೆ ಕೊಡುವ ವಾರ, ಅಂಗಡಿಯಿಂದ ತರುವ ವಾರವಲ್ಲ. ತಂದರೆ ಡಬ್ಬಿಯ ಜೊತೆಗೆ ಶನಿಯೂ ಹೊಸಿಲು ದಾಟುತ್ತಾನೆ. ಒಂದು ಶನಿವಾರ ನೆಂಟರು ಬಂದ ಹೊತ್ತಿಗೆ ಎಣ್ಣೆ ತಳ ಕಂಡಿತ್ತು; ಸಾರು, ಪಲ್ಯ, ಹಪ್ಪಳ ಎಲ್ಲಕ್ಕೂ ತುಪ್ಪವೇ ಆಯಿತು. ನೆಂಟರು ಹೊಗಳಿ ಹೊಗಳಿ ಉಂಡರು. ಎಣ್ಣೆಯಿಲ್ಲದ್ದಕ್ಕೆ ತುಪ್ಪ ಎಂದು ಮನೆಯಲ್ಲಿ ಯಾರೂ ಬಾಯಿಬಿಡಲಿಲ್ಲ.

ಕಾರಿನ ಕೆಲಸಕ್ಕೆ ತಮ್ಮಯ್ಯನವರಿಗೆ ಬಿಡುವು ಸಿಗುತ್ತಿದ್ದದ್ದು ಶನಿವಾರವೇ. ಕಾರು ಓಡಿಸದಿದ್ದರೂ ಅದನ್ನು ನೋಡಿಕೊಳ್ಳುವುದು ಗಂಡಸಿನ ಕೆಲಸ ಎಂದು ಅವರು ಬಿಟ್ಟುಕೊಟ್ಟಿರಲಿಲ್ಲ. ಆರು ತಿಂಗಳಿಗೊಮ್ಮೆ ಹೆಂಡತಿಯ ಕೈಲಿ ಕಾರನ್ನು ಬೀದಿಯ ಮೂಲೆಯ ಮೆಕ್ಯಾನಿಕ್ ತಿರುಮಲನ ಶೆಡ್ಡಿಗೆ ಬಿಡಿಸಿ, ಎಂಜಿನ್ ಆಯಿಲ್ ಬದಲಾಯಿಸಲು ಹೇಳುತ್ತಿದ್ದರು. ಮೊದಲನೆಯ ಸಲ ತಿರುಮಲನೇ ಕೇಳಿದ್ದ. ಅವನಾಡಿದ್ದು ತಮಿಳು, ನಾವು ಕನ್ನಡದಲ್ಲೇ ಹೇಳೋಣ.

"ಸಾರ್, ಪಕ್ಕದ ಅಂಗಡಿಯಲ್ಲಿ ನೀವೇ ಡಬ್ಬಿ ತಗೊಂಡು ಬನ್ನಿ. ನಿಮ್ಮ ಕಣ್ಣ ಮುಂದೇನೇ ಸುರೀತೀನಿ."

"ಶನಿವಾರ ನಾವು ಎಣ್ಣೆ ಕೊಳ್ಳಲ್ಲಪ್ಪ," ಎಂದರು ತಮ್ಮಯ್ಯ. "ನೀನೇ ತಗೋ, ನೀನೇ ಹಾಕು. ನಾನು ನೋಡೋದೂ ಇಲ್ಲ. ಕೂಲಿ ಅಂತ ಒಂದೇ ಮಾತಲ್ಲಿ ಹೇಳ್ಬಿಡು."

ಹಾಗೆ ನಾಲ್ಕು ವರ್ಷ, ಎಂಟು ಶನಿವಾರ. ಎಂಟು ಸಲವೂ ತಮ್ಮಯ್ಯನವರು ಶೆಡ್ಡಿಗೆ ಬೆನ್ನು ಮಾಡಿ ಕೂತು ಪೇಪರ್ ಓದಿದರು.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಕಾರು ಕೆಮ್ಮತೊಡಗಿತು. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ನಿನಿಂದ ಟಕಟಕ ಸದ್ದು. ಮುಂದಿನ ಫಲಕದಲ್ಲಿ ಎಣ್ಣೆಗಿಂಡಿಯಂಥ ಚಿತ್ರದ ಒಂದು ಕೆಂಪು ದೀಪವಿದೆಯಲ್ಲ, ಅದು ಹತ್ತಿ ಆರುವುದು, ಹತ್ತಿ ಆರುವುದು. ತಿರುಮಲ ಬಾನೆಟ್ ಎತ್ತಿ, ಕಿವಿಯಿಟ್ಟು, ಸತ್ತವರ ಮನೆಯಲ್ಲಿ ಮಾತನಾಡುವ ದನಿಯಲ್ಲಿ ಹೇಳಿದ.

"ಎಂಜಿನ್ ಪೋಚು ಸಾರ್, ಹೋಯ್ತು. ಇಳಿಸಿ ಬಿಚ್ಚಬೇಕು. ಅಷ್ಟು ಖರ್ಚು ಮಾಡೋ ಬದಲು ಮಾರಿಬಿಡಿ. ಇದ್ದ ಹಾಗೇ ತಗೊಳ್ಳೋ ಪಾರ್ಟಿ ಇದೆ, ಮುಂದಿನ ಭಾನುವಾರ ಬಿಟ್ಟು ಆಮೇಲಿನ ಭಾನುವಾರ ಕರ್ಕೊಂಡು ಬರ್ತೀನಿ."

ತಮ್ಮಯ್ಯನವರು ಅಲ್ಲೇ ಒಪ್ಪಿದರು. ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದರು. ಚಿಕ್ಕತಾಯಮ್ಮನವರು ಅನ್ನ ಕಲಸುವುದನ್ನು ನಿಲ್ಲಿಸಿದರು.

"ಹಂಗಾರೆ ನಾನು ಮತ್ತೆ ಕಿಟಕಿ ತಾವ್ ಕುಂತ್ಕೊಬೇಕು ಅನ್ನು."

"ಆಟೋ ಇದೆಯಲ್ಲವ್ವ."

"ಆಟೋದೋನು ನನ್ನ ಕರ್ಕೊಂಡೋಗಿ ಸಮುದ್ರದ ತಾವ್ ಒಂದ್ ಗಂಟೆ ಕುಂತಿರ್ತಾನಾ?"

ತಮ್ಮಯ್ಯನವರು ಮಜ್ಜಿಗೆಗೆ ಕೈ ಹಾಕಿದರು. ಲೀಲಮ್ಮ ಬೇರೆ ಯೋಚನೆಯಲ್ಲಿದ್ದಳು. ಕಡಲೆಕಾಯಿ ಎಣ್ಣೆಯನ್ನು ಬೊಟ್ಟು ಅದ್ದಿ, ಅಂಗೈಗೆ ಉಜ್ಜಿ, ಮೂಸಿ ನೋಡದೆ ಜನ್ಮದಲ್ಲಿ ಕೊಂಡವಳಲ್ಲ ಅವಳು.

"ರೀ, ಈ ಕಾರಿಗೆ ಎಷ್ಟು ಲೀಟರ್ ಎಣ್ಣೆ ಹಿಡಿಸತ್ತೆ?"

"ಅದು ಅವನಿಗೆ ಗೊತ್ತು."

"ಯಾವ ಡಬ್ಬಿ ಹಾಕ್ತಾನೆ?"

"ಶನಿವಾರ ನಾನು ಎಣ್ಣೆ ಡಬ್ಬಿ ನೋಡ್ತೀನೇನೆ? ನಂಬಿಕೆ ಮೇಲೆ ನಡೀತದೆ."

"ಅಂದ್ರೆ ನಾಲ್ಕು ವರ್ಷದಲ್ಲಿ ಒಂದು ಖಾಲಿ ಡಬ್ಬಿನೂ ನೋಡಿಲ್ಲ."

ತಮ್ಮಯ್ಯನವರಿಗೆ ಮಜ್ಜಿಗೆ ನೆತ್ತಿಗೆ ಹತ್ತಿತು.

ಮರುದಿನ ಲೀಲಮ್ಮ ಕಾರಿನ ಮುಂದಿನ ಸೀಟಿನೆದುರಿನ ಗೂಡಿನಿಂದ ಒಂದು ಪುಸ್ತಕ ತೆಗೆದಳು. ಕಂಪನಿಯವರು ಕಾರಿನ ಜೊತೆಗೇ ಕೊಟ್ಟದ್ದು. ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ. ಅದನ್ನು ಕಚೇರಿಗೆ ಒಯ್ದು, ಐದು ದಿನ ಮೊಸರನ್ನದ ಜೊತೆಗೆ ಓದಿದಳು. ಎಂಜಿನ್ನಿನ ಹೊಟ್ಟೆಯ ಕೆಳಗೆ ಒಂದು ಬೋಲ್ಟು, ಅದನ್ನು ತಿರುಗಿಸಿದರೆ ಹಳೆಯ ಎಣ್ಣೆ ಇಳಿಯುತ್ತದೆ. ಪಕ್ಕದಲ್ಲಿ ಲೋಟದ ಗಾತ್ರದ ಒಂದು ಫಿಲ್ಟರ್, ಎಣ್ಣೆಯ ಜೊತೆಗೆ ಅದನ್ನೂ ಬದಲಾಯಿಸಬೇಕು. ಮೇಲಿನ ಮುಚ್ಚಳ ತೆಗೆದು ಹೊಸದನ್ನು ಸುರಿಯಬೇಕು. ಇಷ್ಟೇ. ಒಬ್ಬಟ್ಟು ಮಾಡುವುದು ಇದಕ್ಕಿಂತ ಕಷ್ಟ ಎಂದು ಅವಳಿಗನ್ನಿಸಿತು. ಅದು ನಿಜವೂ ಹೌದು, ಕಣಕದ ಹದ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಶುಕ್ರವಾರ ಸಂಜೆ ಅವಳು ಎಣ್ಣೆ ಡಬ್ಬಿ, ಫಿಲ್ಟರು, ಬೋಲ್ಟಿಗೆ ಹದಿನೇಳರ ಸೈಜಿನ ಸ್ಪ್ಯಾನರು ತಂದು ಕಾರಿನ ಪಕ್ಕ ಇಟ್ಟಳು. ಚಿಕ್ಕತಾಯಮ್ಮನವರು ಕಿಟಕಿಯಿಂದಲೇ ಕೇಳಿದರು.

"ಇವತ್ತು ಯಾವ ವಾರ?"

"ಶುಕ್ರವಾರ ಅತ್ತೆ. ಇನ್ನೂ ಬೆಳಕಿದೆ."

"ಹಂಗಾರೆ ಸರಿ. ಒಳಿಕ್ ತಕ್ಕ ಬಾ."

ಭಾನುವಾರ ಬೆಳಿಗ್ಗೆ ತಮ್ಮಯ್ಯನವರು ಮಾಧವರಂನಲ್ಲಿದ್ದ ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟರು. ಹೊರಡುವಾಗ, "ಏನಾದ್ರೂ ಮಾಡ್ಕೊ, ಬರೋ ಭಾನುವಾರ ಅವನು ಬಂದಾಗ ಕಾರು ಅನ್ನೋದು ಒಂದು ಇರಬೇಕು," ಎಂದರು. ಎದುರು ಮನೆ ಕಟ್ಟುವಾಗ ಉಳಿದಿದ್ದ ಕಡಪ ಕಲ್ಲುಗಳನ್ನು ಲೀಲಮ್ಮ ಜೋಡಿಸಿ, ಮುಂದಿನ ಎರಡು ಚಕ್ರಗಳನ್ನು ಅದರ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟಳು. ಎರಡು ಸಲ ಅಲುಗಾಡಿಸಿ ನೋಡಿದಳು. ಅತ್ತೆ ಮಣೆ ಹಾಕಿಸಿಕೊಂಡು ಪಕ್ಕದಲ್ಲೇ ಕೂತರು. ಮಹಡಿಯಿಂದ ಅನು ಬಗ್ಗಿ, "ಅಮ್ಮಾ, ಎಲ್ಲಾರುಂ ಪಾಕ್ಕರಾಂಗ. ಪ್ಲೀಸ್," ಎಂದಳು.

"ನೋಡ್ಲಿ ಬಿಡೆ," ಎಂದಳು ಲೀಲಮ್ಮ ಕೆಳಗಿನಿಂದ. "ಸೀರೆ ನೆಟ್ಟಗಿದೆ."

ಕಾರನ್ನು ಮೊದಲು ಒಂದು ಸುತ್ತು ಓಡಿಸಿ ಬೆಚ್ಚಗೆ ಮಾಡಿದ್ದಳು. ಪುಸ್ತಕ ಹೇಳಿದ್ದೂ ಹಾಗೇ; ತಲೆಗೆ ಎಣ್ಣೆ ಒತ್ತುವ ಮನೆಯವರಿಗೆ ಅದನ್ನು ಪುಸ್ತಕ ಹೇಳಬೇಕಾಗಿಯೂ ಇರಲಿಲ್ಲ. ಹಳೆಯ ಬೇಸಿನ್ನು ಕೆಳಗಿಟ್ಟು, ಬೋಲ್ಟಿಗೆ ಸ್ಪ್ಯಾನರು ಕೊಟ್ಟು ಎಳೆದಳು. ಬರಲಿಲ್ಲ. ಕಾಲು ಕೊಟ್ಟು ಒದ್ದಳು. ಕಿರ್ ಎಂದಿತು. ಬೆರಳಿನಿಂದ ಎರಡು ಸುತ್ತು ತಿರುಗಿಸುವಷ್ಟರಲ್ಲಿ ಬೋಲ್ಟು ಕೈಜಾರಿ ಬೇಸಿನ್ನಿಗೆ ಬಿತ್ತು, ಎಣ್ಣೆ ಮೊಣಕೈವರೆಗೆ ಇಳಿಯಿತು.

"ಏನಾಯ್ತವ್ವ?"

"ಬೋಲ್ಟು ಒಳಗೆ ಬಿತ್ತು ಅತ್ತೆ. ಬಿಸಿ ಇದೆ, ಕೈ ಹಾಕಕ್ಕಾಗಲ್ಲ."

ಚಿಕ್ಕತಾಯಮ್ಮನವರು ಗೋಡೆ ಹಿಡಿದು ಎದ್ದು, ಅಡುಗೆಮನೆಗೆ ಕುಂಟಿಕೊಂಡು ಹೋಗಿ, ಪೂರಿ ಎತ್ತುವ ಜಾಲರಿ ಸೌಟು ತಂದರು. ಅದು ಅವರ ತವರಿನದು, ಹಿತ್ತಾಳೆ ಹಿಡಿಯದು.

"ಅಯ್ಯೋ, ಅದು ಬೇಡ."

"ಮಂಡಿನೇ ಹೋಗೋವಾಗ ಸೌಟು ಇಟ್ಕೊಂಡು ಏನ್ ಮಾಡ್ಲಿ? ತಕ್ಕ."

ಬೋಲ್ಟು ಮೇಲೆ ಬಂತು. ಅದರ ಸುತ್ತ ಅಂಟಿದ್ದನ್ನು ಲೀಲಮ್ಮ ನೋಡಿದಳು. ಎಣ್ಣೆಯೆಂದು ಹೇಳುವ ಹಾಗೇ ಇರಲಿಲ್ಲ, ಪುಳಿಯೋಗರೆ ಗೊಜ್ಜಿನಂತೆ ಗಟ್ಟಿ, ಕಪ್ಪು. ಆರು ತಿಂಗಳ ಎಣ್ಣೆ ಹೀಗಾಗುವುದಿಲ್ಲ ಎಂದು ಅವಳಿಗೆ ಅನುಮಾನ ಬಂದದ್ದು ಅಲ್ಲೇ. ಫಿಲ್ಟರು ಅದಕ್ಕಿಂತ ಹಟ ಮಾಡಿತು. ಸೈಕಲ್ಲಿನ ಹಳೆಯ ಟ್ಯೂಬನ್ನು ಸುತ್ತಿ, ಜಾಡಿಯ ಮುಚ್ಚಳ ತೆಗೆಯುವಂತೆ ಮೈಯ ಭಾರವನ್ನೆಲ್ಲ ಕೊಟ್ಟು ತಿರುಗಿಸಿದ ಮೇಲೆ ಸಡಿಲವಾಯಿತು. ಬಟ್ಟೆಯಿಂದ ಒರೆಸಿದಳು. ಜಿಡ್ಡಿನ ಕೆಳಗಿನಿಂದ ಅಚ್ಚು ಹೊಡೆದ ಅಕ್ಷರ ಕಂಡಿತು. ತಿಂಗಳು, ವರ್ಷ. ವರ್ಷ ತೊಂಬತ್ತೇಳು.

ಕಾರ್ಖಾನೆಯಲ್ಲಿ ಹಾಕಿದ ಫಿಲ್ಟರು. ಎಂಟು ಶನಿವಾರಗಳಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ತಿರುಮಲ ಎಂಟು ಸಲವೂ ಹಳೆಯದನ್ನು ಇಳಿಸದೆ ಮೇಲಿನಿಂದ ಅರ್ಧ ಲೀಟರ್ ಸುರಿದು ಬಾನೆಟ್ ಮುಚ್ಚಿದ್ದ.

ಲೀಲಮ್ಮ ಅದನ್ನು ಅತ್ತೆಗೆ ತೋರಿಸಿದಳು. ಚಿಕ್ಕತಾಯಮ್ಮನವರು ಅದನ್ನು ತಿರುಗಿಸಿ ನೋಡಿದರು.

"ನಾನು ಶನಿನ ಮನೆಗೆ ಬರಬಾರ್ದು ಅಂತ ತಡೆದೆ ಕಣವ್ವ. ಅವನು ಹೋಗಿ ಶೆಡ್ನಲ್ಲಿ ಕುಂತವ್ನೆ."

ಹೊಸ ಫಿಲ್ಟರು ಕೂತಿತು, ಬೋಲ್ಟು ಬಿಗಿಯಾಯಿತು, ಜೇನಿನ ಬಣ್ಣದ ಎಣ್ಣೆ ಒಳಗೆ ಹೋಯಿತು. ಕಡ್ಡಿ ಅದ್ದಿ, ಒರೆಸಿ, ಮತ್ತೆ ಅದ್ದಿ ಮಟ್ಟ ನೋಡಿದಳು. ಆಮೇಲೆ ಒಳಗೆ ಕೂತು ಕೀಲಿ ತಿರುಗಿಸಿದಳು. ಎಂಜಿನ್ ಹತ್ತಿತು. ಕೆಂಪು ದೀಪವೂ ಹತ್ತಿತು, ಆರಲಿಲ್ಲ. ಹೊಸ ಫಿಲ್ಟರಿಗೆ ಎಣ್ಣೆ ತುಂಬುವವರೆಗೆ ಕೆಲವು ಸೆಕೆಂಡು ಹಾಗೇ ಉರಿಯುತ್ತದೆ ಎಂದು ಪುಸ್ತಕದಲ್ಲಿತ್ತು. ಆದರೆ ಪುಸ್ತಕ ಬರೆದವರ ಕಾರನ್ನು ಯಾರೂ ಮಾರಲು ಹೊರಟಿರಲಿಲ್ಲ. ಒಂದು, ಎರಡು, ಮೂರು ಎಂದು ಅವಳು ಎಣಿಸಿದಳು. ನಾಲ್ಕು. ಐದಕ್ಕೆ ಕೈ ಕೀಲಿಯ ಮೇಲೆ ಹೋಯಿತು. ದೀಪ ಆರಿತು.

ಸದ್ದು ಪೂರ್ತಿ ನಿಂತಿರಲಿಲ್ಲ. ಅರ್ಧ ಇಳಿದಿತ್ತು. ಅಕ್ಕಿಯನ್ನು ಯಾರೂ ಒಂದೇ ನೀರಿನಲ್ಲಿ ತೊಳೆದು ಬಿಡುವುದಿಲ್ಲವಲ್ಲ. ಲೀಲಮ್ಮ ಆ ವಾರವಿಡೀ ಕಾರನ್ನು ಓಡಿಸಿ, ಗುರುವಾರ ರಜೆ ಹಾಕಿ, ಹೊಸ ಎಣ್ಣೆಯನ್ನೂ ಇಳಿಸಿ ಇನ್ನೊಮ್ಮೆ ಹೊಸದು ಹಾಕಿದಳು. ಒಳಗಿನ ಹಳೆಯ ಕೊಳೆಯೆಲ್ಲ ಅದರ ಜೊತೆ ಬಂತು. ಶನಿವಾರ ಸಂಜೆ ಚಿಕ್ಕತಾಯಮ್ಮನವರು ಸಿಗ್ನಲ್ಲಿನಲ್ಲಿ ಕೇಳಿದರು.

"ಯಾಕವ್ವ, ಗಾಡಿ ನಿಲ್ಸ್‌ಬಿಟ್ಯಾ?"

ನಿಲ್ಲಿಸಿರಲಿಲ್ಲ. ಎಂಜಿನ್ ಓಡುತ್ತಲೇ ಇತ್ತು, ಸದ್ದು ಕೇಳುತ್ತಿರಲಿಲ್ಲ.

ಅಷ್ಟಾದರೂ ತಮ್ಮಯ್ಯನವರ ಮನಸ್ಸು ಕರಗಲಿಲ್ಲ. ಫಿಲ್ಟರು ನೋಡಿ ಅವರು ಎರಡು ದಿನ ಪೇಪರನ್ನೂ ಮುಟ್ಟದೆ ಇದ್ದದ್ದು ನಿಜ. ಆದರೆ ಅವರದು ಒಂದೇ ಹಟ. "ಮಾತು ಕೊಟ್ಟಾಗಿದೆ ಲೀಲಾ. ಅವನು ಮೋಸಗಾರ ಅಂತ ನಾನು ಸುಳ್ಳುಗಾರ ಆಗ್ಲಾ?" ಎಂಜಿನ್ ಸದ್ದು ಕೇಳಿ ಪಾರ್ಟಿಯೇ ಬೇಡ ಎಂದರೆ ಸರಿ, ಇಲ್ಲದಿದ್ದರೆ ಕೊಡಲೇಬೇಕು. ಲೀಲಮ್ಮನಿಗೆ ಆಗ ಹೊಳೆಯಿತು, ಸದ್ದನ್ನೇ ತಾನು ನಿಲ್ಲಿಸಿಬಿಟ್ಟಿದ್ದಾಳೆ. ಕಾರು ಹಾಳಾಗಿದ್ದಾಗ ಕೊಳ್ಳದಿರಲು ಒಂದು ಕಾರಣವಾದರೂ ಇತ್ತು. ಈಗ ಯಾರು ಬಿಡುತ್ತಾರೆ?

ಭಾನುವಾರ ತಿರುಮಲ ಪಾರ್ಟಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದ. ಟಿ. ನಗರದ ಬಟ್ಟೆ ಅಂಗಡಿಯವರು, ಮಹದೇವ ಎಂದು ಹೆಸರು, ಕನ್ನಡದವರೇ, ತೂಕದ ಮನುಷ್ಯ. ಲೀಲಮ್ಮ ಕಾರಿನ ಕೀಲಿ ತಿರುಗಿಸಿದಳು. ತಿರುಮಲ ಅಭ್ಯಾಸದಂತೆ ಕಿವಿ ಕೊಟ್ಟವನು, ತಲೆಯೆತ್ತಿ ಅವಳ ಮುಖ ನೋಡಿದ. ಮಹದೇವ ಮುಂದಿನ ಸೀಟಿನಲ್ಲಿ ಕೂತು ರೌಂಡ್‌ಟಾಣಾ ವೃತ್ತದವರೆಗೆ ಹೋಗಿ ಬಂದರು. ಇಳಿಯುವಾಗ ಅವರ ಮುಖ ಅರಳಿತ್ತು.

"ಎಂಜಿನ್ ಹೋಗಿದೆ ಅಂದೆಯಲ್ಲಪ್ಪ ತಿರುಮಲ? ಇದು ಬೆಣ್ಣೆ ಜಾರಿದಂಗೆ ಓಡ್ತಾ ಇದೆ. ನಾನು ಇವತ್ತೇ ತಗೊಂಡು ಹೋಗ್ತೀನಿ."

ಚಿಕ್ಕತಾಯಮ್ಮನವರು ಜಗಲಿಯ ಮೇಲೆ ಸೆರಗು ಬಿಗಿಹಿಡಿದು ಕೂತಿದ್ದರು. ಲೀಲಮ್ಮ ಗಂಡನ ಕಡೆ ನೋಡಲಿಲ್ಲ. ಒಳಗಿನಿಂದ ಫಿಲ್ಟರನ್ನು ತಂದು, ಬಾನೆಟ್ಟಿನ ಮೇಲೆ, ತಿರುಮಲನ ಮೂಗಿನ ಕೆಳಗೆ ಇಟ್ಟಳು. ವರ್ಷ ಅವನ ಕಡೆಗೆ ತಿರುಗಿತ್ತು. ತಿರುಮಲ ಅದನ್ನು ಓದಿದ. ಕೈಯೊರೆಸುವ ಬಟ್ಟೆಯಿಂದ ಕತ್ತು ಒರೆಸಿಕೊಂಡ.

"ಸಾರ್ ನೋಡಲ್ಲ ಅಂದ್ರು ಅಮ್ಮಾ," ಎಂದ, ತೀರ ಸಣ್ಣ ದನಿಯಲ್ಲಿ. "ಯಾರೂ ನೋಡದೆ ಇದ್ರೆ ಕೈ ಹಂಗೇ ಆಗೋಗತ್ತೆ. ತಪ್ಪು ನಂದು."

"ಎಂಟು ಸಲ ಆಯ್ತು ಕಣಯ್ಯ," ಎಂದಳು ಲೀಲಮ್ಮ. ಹೆಚ್ಚು ಬೈಯಲಿಲ್ಲ. ಬೈಯಲು ಅವಳಿಗೆ ಬರುತ್ತಿರಲಿಲ್ಲವೆಂದಲ್ಲ, ಪಂಪಿನ ಸಾಲಿನಲ್ಲಿ ಕಲಿತದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಗಮನವೆಲ್ಲ ಗಂಡನ ಮೇಲೆ.

ಮಹದೇವರಿಗೆ ಇದೊಂದೂ ಅರ್ಥವಾಗಿರಲಿಲ್ಲ. "ಅದೆಲ್ಲ ಇರ್ಲಿ ಸಾರ್, ಮೊದಲು ಇದನ್ನ ಹೇಳಿ. ನಿಮ್ಮ ಗಾಡಿಗೆ ಕೈ ಹಾಕಿದ ಮೆಕ್ಯಾನಿಕ್ ಯಾರು? ನನಗೂ ಬೇಕು ಅವನು."

"ಅವನಲ್ಲಪ್ಪ, ಅವಳು," ಎಂದರು ಚಿಕ್ಕತಾಯಮ್ಮನವರು ಜಗಲಿಯಿಂದಲೇ. "ನಿನ್ನೆದುರಿಗೇ ಸೀರೆ ಉಟ್ಕೊಂಡು ನಿಂತವ್ಳಲ್ಲ, ನನ್ನ ಸೊಸೆ."

ತಮ್ಮಯ್ಯನವರು ಹೆಂಡತಿಯ ಕೈಗಳನ್ನು ನೋಡಿದರು. ಸೀಗೆಪುಡಿ ಹಾಕಿ ತಿಕ್ಕಿದ್ದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿದಿತ್ತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಮಹದೇವ ಅವರೇ, ನಾನು ಕೊಟ್ಟ ಮಾತಿಗೆ ತಪ್ಪೋನಲ್ಲ," ಎಂದರು. "ಎಂಜಿನ್ ಹೋದ ಕಾರನ್ನ ನಿಮಗೆ ಕೊಡ್ತೀನಿ ಅಂದಿದ್ದೆ. ಆ ಕಾರು ಈಗ ನಮ್ಮನೇಲಿಲ್ಲ. ಇದು ಇವಳ ಕಾರು. ಇದಕ್ಕೆ ನಾನು ಮಾತು ಕೊಟ್ಟಿಲ್ಲ, ಕೊಡೋ ಅಧಿಕಾರನೂ ನಂಗಿಲ್ಲ."

ಮಹದೇವ ತಿರುಮಲನನ್ನು ನೋಡಿದರು, ಫಿಲ್ಟರನ್ನು ನೋಡಿದರು, ನಿಧಾನವಾಗಿ ವಿಷಯ ತಲೆಗೆ ಹೋಯಿತು. ಹೊಟ್ಟೆ ಕುಲುಕುವಂತೆ ನಕ್ಕರು. "ಕಾರು ಬೇಡಮ್ಮ. ಬರೋ ಭಾನುವಾರ ನನ್ನ ಗಾಡಿ ತರ್ತೀನಿ, ಎಣ್ಣೆ ಬದಲಾಯ್ಸೋದು ಹೇಗೆ ಅಂತ ನನಗೂ ಹೇಳ್ಕೊಡಿ."

"ಬನ್ನಿ," ಎಂದಳು ಲೀಲಮ್ಮ. "ಹಳೇ ಪಂಚೆ ಉಟ್ಕೊಂಡು ಬನ್ನಿ."

ಚಿಕ್ಕತಾಯಮ್ಮನವರಿಗೆ ಇನ್ನು ತಡೆಯಲಾಗಲಿಲ್ಲ. ಗೋಡೆ ಹಿಡಿದು ಎದ್ದು, ಒಂದೊಂದೇ ಹೆಜ್ಜೆ ಇಟ್ಟು ಬಂದು, ಕಾರಿನ ಬಾಗಿಲು ತಾವೇ ತೆಗೆದು ಕೂತು, ಕಾಲೆರಡನ್ನೂ ಒಳಗೆಳೆದುಕೊಂಡರು. ಸೊಸೆ ಪಕ್ಕದಲ್ಲಿ ಕೂತು ಕೀಲಿ ತಿರುಗಿಸಿದಳು. ಹಿಂದಿನ ಸೀಟಿನ ಬಾಗಿಲು ತೆರೆದ ಸದ್ದಾಯಿತು. ನೋಡಿದರೆ ತಮ್ಮಯ್ಯನವರು.

ಲೀಲಮ್ಮ ಗೇಟಿನಿಂದ ಕಾರನ್ನು ಹಿಂದಕ್ಕೆ ತೆಗೆಯಬೇಕಿತ್ತು. ಬೀದಿಯಲ್ಲಿ ಒಂದು ಆಟೋ, ಅದರ ಹಿಂದೆ ಒಂದು ವ್ಯಾನು ಬರುತ್ತಿದ್ದವು. ಯಾರೂ ಹೇಳದೆ ತಿರುಮಲನೇ ಓಡಿಹೋಗಿ ರಸ್ತೆಯ ನಡುವೆ ನಿಂತು, ಎರಡೂ ಕೈ ಅಗಲಿಸಿ ಆಟೋವನ್ನೂ ವ್ಯಾನನ್ನೂ ತಡೆದ. ನೇರವಾಗಿ ಬನ್ನಿ, ನಾನು ನೋಡಿಕೊಳ್ತೀನಿ ಎಂದು ತಮಿಳಿನಲ್ಲಿ ಕೂಗುವ ಅವನ ದನಿ ಹಾರನ್ನಿನ ಗಲಾಟೆಯ ಮೇಲೆ ಕೇಳಿಸಿತು.

"ವಾಂಗಮ್ಮಾ, ವಾಂಗ, ವಾಂಗ. ನೇರಾ ವಾಂಗ. ನಾನ್ ಪಾತ್ತುಕ್ಕರೇನ್."